‘ನಾವು’ ಅಂದ್ರೆ ಯಾರು ಅನ್ನೋ ಪ್ರಶ್ನೆಗೆ ಸಿಕ್ಕಿಹಾಕ್ಕೊಂಡ 1848

ಓದುಗರೊಬ್ಬರು ಕೇಳಿರೋ ಪ್ರಶ್ನೆ ಇದು: “ಸರ್, ಕೆಎಎಸ್‌ಗೆ ಓದ್ತಾ ಇದೀನಿ. ಫ್ರೆಂಚ್ ಕ್ರಾಂತಿ ಪಾಠದಲ್ಲಿ ರಾಷ್ಟ್ರೀಯತೆ ಮತ್ತೆ ಪ್ರಜಾಪ್ರಭುತ್ವ ಜೊತೆಜೊತೆಗೇ ಹುಟ್ಟಿದವು ಅಂತ ಇದೆ. ಮುಂದಿನ ಪಾಠಕ್ಕೆ ಬಂದ್ರೆ ಜರ್ಮನಿನ ಒಂದು ಮಾಡಿದ್ದು ಬಿಸ್ಮಾರ್ಕ್, ಅವನಿಗೆ ಪ್ರಜಾಪ್ರಭುತ್ವ ಕಂಡ್ರೆ ಆಗ್ತಿರ್ಲಿಲ್ಲ. ಮಧ್ಯದಲ್ಲಿ ಏನಾಯ್ತು? 1848ರ ಕ್ರಾಂತಿಗಳು ಪ್ರೊಫೆಸರ್‌ಗಳು ಬರೀ ಮಾತಾಡ್ತಾ ಕೂತಿದ್ರಿಂದ ಸೋತವು ಅಂತ ಗೈಡಲ್ಲಿದೆ, ಇದು ನಿಜಾನಾ? ಅವೆಲ್ಲಾ ವೇಸ್ಟ್ ಆಯ್ತು ಅಂತಾನಾ?”

ಒಳ್ಳೇ ಪ್ರಶ್ನೆ. ಎರಡು ಪಾಠದ ಮಧ್ಯೆ ಒಂದು ಗುಂಡಿ ಇದೆ, ಬಹಳಷ್ಟು ಜನ ಅದನ್ನ ಹಾರಿಕೊಂಡು ಹೋಗ್ಬಿಡ್ತಾರೆ, ನೀವು ನಿಂತು ಬಗ್ಗಿ ನೋಡಿದೀರಿ. ಆ ಗುಂಡೀನೇ 1848. ಪ್ರೊಫೆಸರ್‌ಗಳ ಮೇಲಿನ ಆಪಾದನೆ ಅರ್ಧ ಸುಳ್ಳು ಅಂತ ಈಗಲೇ ಹೇಳ್ಬಿಡ್ತೀನಿ, ಯಾಕೆ ಅನ್ನೋದು ಆಮೇಲೆ.

ಮೊದಲು 1789ಕ್ಕೆ ಹೋಗೋಣ. ಆ ವರ್ಷ ಜೂನ್ 17ಕ್ಕೆ ವರ್ಸೇಲ್ಸ್‌ನಲ್ಲಿ ಮೂರನೇ ವರ್ಗದ, ಅಂದ್ರೆ ಪಾದ್ರಿ-ಶ್ರೀಮಂತರನ್ನ ಬಿಟ್ಟು ಉಳಿದ ಜನರ, ಪ್ರತಿನಿಧಿಗಳು ತಮ್ಮ ಸಭೆಗೆ ರಾಷ್ಟ್ರೀಯ ಸಭೆ ಅಂತ ಹೆಸರಿಟ್ಟುಕೊಂಡ್ರಲ್ಲ, ಅಲ್ಲಿ ‘ರಾಷ್ಟ್ರ’ ಅನ್ನೋ ಪದಕ್ಕೆ ಇದ್ದ ಅರ್ಥ ನಾವು ಇವತ್ತು ಅಂದ್ಕೊಳ್ಳೋ ಅರ್ಥ ಅಲ್ಲ. ಭಾಷೆ, ರಕ್ತ, ಹಳೇ ವೈಭವ ಯಾವುದೂ ಅದರಲ್ಲಿರ್ಲಿಲ್ಲ, ಯಜಮಾನ ಯಾರು ಅನ್ನೋ ಪ್ರಶ್ನೆಗೆ ಅದೊಂದು ಉತ್ತರ ಅಷ್ಟೆ: ರಾಜ ಅಲ್ಲ, ನಾವು. ಆಗಸ್ಟ್ 26ರ ಹಕ್ಕುಗಳ ಘೋಷಣೆಯ ಮೂರನೇ ಕಲಮು ಹೇಳೋದೂ ಇದನ್ನೇ, ಪರಮಾಧಿಕಾರದ ಮೂಲ ರಾಷ್ಟ್ರದಲ್ಲಿದೆ ಅಂತ. ಭಾಷೆ ಲೆಕ್ಕಕ್ಕೇ ಇರ್ಲಿಲ್ಲ ಅನ್ನೋದಕ್ಕೆ ಒಂದು ಸಾಕ್ಷಿ ಕೊಡ್ತೀನಿ. 1794ರಲ್ಲಿ ಪಾದ್ರಿ ಗ್ರೆಗ್ವಾರ್ ಒಂದು ವರದಿ ಕೊಟ್ರು, ಫ್ರಾನ್ಸಿನಲ್ಲಿ ಕಮ್ಮಿ ಅಂದ್ರೂ 60 ಲಕ್ಷ ಜನಕ್ಕೆ ಫ್ರೆಂಚೇ ಬರಲ್ಲ, ಇನ್ನೂ ಅಷ್ಟೇ ಜನ ಅದರಲ್ಲಿ ನೆಟ್ಟಗೆ ಮಾತಾಡಲಾರರು, ಸರಿಯಾಗಿ ಮಾತಾಡೋರು 30 ಲಕ್ಷ ದಾಟಲ್ಲ ಅಂತ. ಕ್ರಾಂತಿ ಆಗಿ ಐದು ವರ್ಷ ಆದ್ಮೇಲೆ ಈ ಸ್ಥಿತಿ. ಅಂದ್ರೆ ಮೊದಲು ರಾಷ್ಟ್ರ ಆಯ್ತು, ರಾಷ್ಟ್ರಭಾಷೆ ಆಮೇಲೆ ಮಾಡಿದ್ದು.

ಫ್ರಾನ್ಸಿಗೆ ಇದು ಸುಲಭ ಆಗಿದ್ದು ಯಾಕಂದ್ರೆ ಮನೆ ಅಲ್ಲಿ ಮೊದಲೇ ಕಟ್ಟಿತ್ತು. ನೂರಾರು ವರ್ಷದಿಂದ ರಾಜರು ಗಡಿ ಹಾಕಿ, ತೆರಿಗೆ ಹಾಕಿ, ಒಂದು ರಾಜ್ಯ ಅಂತ ಮಾಡಿಟ್ಟಿದ್ರು, ಜನ ಬಂದು ಯಜಮಾನನ್ನ ಇಳಿಸಿ ಬೀಗದ ಕೈ ತಗೊಂಡ್ರು. ‘ನಾವು’ ಅಂದ್ರೆ ಯಾರು ಅಂತ ಯಾರೂ ಕೇಳೋ ಪ್ರಮೇಯ ಬರ್ಲಿಲ್ಲ, ಆ ಗಡಿಯೊಳಗೆ ಇರೋರೆಲ್ಲಾ ನಾವು.

ರೈನ್ ನದಿ ದಾಟಿ ಪೂರ್ವಕ್ಕೆ ಹೋದ್ರೆ ಮನೆಯೇ ಇಲ್ಲ. 1815ರ ವಿಯೆನ್ನಾ ಸಮ್ಮೇಳನ ಆದ್ಮೇಲೆ ಜರ್ಮನ್ ಮಾತಾಡೋ ಸೀಮೆಯಲ್ಲಿ 39 ಸಂಸ್ಥಾನ, ಇಟಲಿ ಹರಿದು ಹಂಚಿಹೋಗಿತ್ತು, ಪೋಲೆಂಡ್ ನಕ್ಷೆಯಲ್ಲೇ ಇಲ್ಲ, ವಿಯೆನ್ನಾದಿಂದ ಆಳ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಆಸ್ಟ್ರಿಯಾ ಚಕ್ರಾಧಿಪತ್ಯದಲ್ಲಿ ಹತ್ತಕ್ಕೂ ಹೆಚ್ಚು ಭಾಷೆಯ ಜನ. ನೆಪೋಲಿಯನ್ ಬಂದು ತುಳಿದು ಹೋಗಿದ್ದಕ್ಕೆ ಅಲ್ಲೆಲ್ಲಾ ರಾಷ್ಟ್ರದ ಹುಚ್ಚು ಹತ್ತಿತ್ತು, ಆದ್ರೆ ಆಳ್ತಾ ಇದ್ದೋರು ಆಸ್ಟ್ರಿಯಾದ ಚಾನ್ಸಲರ್ ಮೆಟರ್ನಿಕ್ ಮತ್ತವನ ಸೆನ್ಸಾರು, ಪೊಲೀಸು. ಹಾಗಾಗಿ ಆ ಕಾಲದ ಹುಡುಗರಿಗೆ ದೇಶ ಒಂದಾಗೋದು, ರಾಜರ ಕೈ ಕಟ್ಟಿಹಾಕೋದು ಎರಡೂ ಒಂದೇ ಕೆಲಸದ ಹಾಗೆ ಕಾಣ್ತಿತ್ತು, ಯಾಕಂದ್ರೆ ಎರಡಕ್ಕೂ ಅಡ್ಡ ನಿಂತಿದ್ದೋನು ಒಬ್ಬನೇ. 1832ರಲ್ಲಿ ಹಂಬಾಖ್ ಅನ್ನೋ ಹಾಳುಬಿದ್ದ ಕೋಟೆಗೆ ಇಪ್ಪತ್ತು ಮೂವತ್ತು ಸಾವಿರ ಜನ ಕಪ್ಪು-ಕೆಂಪು-ಚಿನ್ನದ ಬಾವುಟ ಹಿಡ್ಕೊಂಡು ಹತ್ತಿದ್ರಲ್ಲ, ಅಲ್ಲಿ ಪೋಲಿಷ್ ಬಾವುಟಾನೂ ಇತ್ತು. ಎಲ್ಲ ಜನಾಂಗಗಳೂ ಅಣ್ಣತಮ್ಮಂದಿರು, ರಾಜರೇ ವೈರಿಗಳು, ಅವರನ್ನ ತೆಗೆದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋ ನಂಬಿಕೆ. ಇಟಲಿನ ಒಂದು ಮಾಡೋಕೆ ಹೋರಾಡಿದ ಜಿನೋವಾದ ಮಾಟ್ಸಿನಿ ಇಡೀ ಆಯಸ್ಸು ಸಾರಿದ್ದು ಇದನ್ನೇ.

1848 ಈ ನಂಬಿಕೆಗೆ ಬಂದ ಪರೀಕ್ಷೆ. ಹಿಂದಿನ ಮೂರು ವರ್ಷ ಆಲೂಗಡ್ಡೆಗೆ ರೋಗ, ಬೆಳೆ ಹಾಳು, ಬ್ರೆಡ್ ರೇಟು ಆಕಾಶದಲ್ಲಿ. ಜನವರಿ 12ಕ್ಕೆ ಸಿಸಿಲಿಯ ಪಲೆರ್ಮೋ ಎದ್ದಿತು, ಫೆಬ್ರವರಿ 24ಕ್ಕೆ ಪ್ಯಾರಿಸ್ಸಿನಲ್ಲಿ ರಾಜ ಲೂಯಿ ಫಿಲಿಪ್ ಸಿಂಹಾಸನ ಬಿಟ್ಟ, ಮಾರ್ಚ್ 13ಕ್ಕೆ ವಿಯೆನ್ನಾದಲ್ಲಿ ಮೆಟರ್ನಿಕ್ ರಾಜೀನಾಮೆ ಕೊಟ್ಟು ಇಂಗ್ಲೆಂಡಿಗೆ ಓಡಿದ, 15ಕ್ಕೆ ಹಂಗೇರಿಯ ಪೆಶ್ಟ್, 18ಕ್ಕೆ ಬರ್ಲಿನ್. ಬರ್ಲಿನ್ನಿನ ಬೀದಿಯಲ್ಲಿ ಸುಮಾರು 300 ಜನ ಸತ್ರು, ಮಾರನೇ ದಿನ ಆ ಹೆಣಗಳನ್ನ ಹೊತ್ಕೊಂಡು ಬಂದು ಅರಮನೆ ಅಂಗಳದಲ್ಲಿ ಇಟ್ಟು, ಬರ್ಲಿನ್ ರಾಜಧಾನಿಯಾಗಿದ್ದ ಪ್ರಷ್ಯ ಅನ್ನೋ ಜರ್ಮನ್ ರಾಜ್ಯದ ರಾಜ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್‌ನ ಹೊರಗೆ ಕರೆದು, ಟೋಪಿ ತೆಗಿ ಅಂದ್ರು. ತೆಗೆದ. ಈ ಟೋಪಿ ನೆನಪಿಟ್ಕೊಳ್ಳಿ, ಅವನಂತೂ ಸಾಯೋತನಕ ಮರೀಲಿಲ್ಲ.

ಇನ್ನೊಂದು ದಿನ ಬಿಟ್ಟು, ಮಾರ್ಚ್ 20ಕ್ಕೆ, ಅದೇ ಬರ್ಲಿನ್ ಜನ ಮೋಆಬಿಟ್ ಜೈಲಿಂದ ಪೋಲಿಷ್ ಬಂಡಾಯಗಾರರನ್ನ ಬಿಡಿಸಿಕೊಂಡು ಬಂದ್ರು. ಮಿಯೆರೊಸ್ಲಾವ್‌ಸ್ಕಿ ಅನ್ನೋ ಅವರ ನಾಯಕನ್ನ ಬೀದಿಯಲ್ಲಿ ಮೆರವಣಿಗೆ ಮಾಡಿದ್ರು. ಜರ್ಮನ್ನರು ಪೋಲಿಷರಿಗೆ ಜೈ ಅಂತಿದಾರೆ, ಪೋಲಿಷರು ಜರ್ಮನ್ ಬಾವುಟ ಹಿಡಿದಿದಾರೆ. ಇಡೀ 1848ರಲ್ಲಿ ನಂಗೆ ತುಂಬಾ ಇಷ್ಟ ಆಗೋ ದೃಶ್ಯ ಇದು, ಹೊಟ್ಟೆ ಉರಿಸೋದೂ ಇದೇ, ಯಾಕಂದ್ರೆ ನಾಲ್ಕೇ ತಿಂಗಳಲ್ಲಿ ಏನಾಯ್ತು ಅಂತ ಗೊತ್ತಲ್ಲ.

ಏನಾಯ್ತು ಅಂದ್ರೆ, ಜರ್ಮನ್ನರು ಚುನಾವಣೆ ಮಾಡಿ ಪಾರ್ಲಿಮೆಂಟ್ ಕರೆದ್ರು. ಮೇ 18ಕ್ಕೆ ಫ್ರಾಂಕ್‌ಫರ್ಟಿನ ಸಂತ ಪಾಲ್ ಚರ್ಚಿನಲ್ಲಿ ಅದು ಶುರುವಾಯ್ತು, ನಿಮ್ಮ ಗೈಡ್ ಬೈಯೋ ಪ್ರೊಫೆಸರ್‌ಗಳು ಕೂತಿದ್ದು ಇಲ್ಲೇ. ಚುನಾವಣೆ ಅಂದ್ರೆ ಕ್ಷೇತ್ರ ಬೇಕು, ಕ್ಷೇತ್ರ ಅಂದ್ರೆ ದೇಶ ಎಲ್ಲಿಂದ ಎಲ್ಲಿವರೆಗೆ ಅಂತ ಗೊತ್ತಿರ್ಬೇಕು. ಅಲ್ಲೇ ಇರೋದು ಕಗ್ಗಂಟು. ಯಾರು ಆಳಬೇಕು ಅಂತ ವೋಟು ಹಾಕಿ ತೀರ್ಮಾನ ಮಾಡಬಹುದು, ಆದ್ರೆ ವೋಟು ಹಾಕೋರು ಯಾರು ಅನ್ನೋದನ್ನ ವೋಟು ಹಾಕಿ ತೀರ್ಮಾನ ಮಾಡೋದು ಹೇಗೆ? ಊಟಕ್ಕೆ ಕೂರಿಸೋ ಮುಂಚೆ ಪಂಕ್ತಿ ಯಾರದು ಅಂತ ಇತ್ಯರ್ಥ ಆಗಿರ್ಬೇಕು. ಫ್ರಾನ್ಸಿಗೆ ಅದನ್ನ ಹಳೇ ರಾಜರು ಮಾಡಿಕೊಟ್ಟಿದ್ರು, ಇವರಿಗೆ ಯಾರೂ ಮಾಡಿಕೊಟ್ಟಿರ್ಲಿಲ್ಲ.

ಪಾರ್ಲಿಮೆಂಟಿನ ತಯಾರಿ ಮಾಡ್ತಿದ್ದ ಕಮಿಟಿ ಪ್ರಾಗ್‌ನ ಇತಿಹಾಸಕಾರ ಪಲಾಟ್ಸ್ಕಿಗೆ ನೀವೂ ಬನ್ನಿ ಅಂತ ಕಾಗದ ಬರೀತು. ಪ್ರಾಗ್ ಇರೋ ಬೊಹೀಮಿಯಾ ಸೀಮೆ ಆ 39 ಸಂಸ್ಥಾನಗಳ ಜರ್ಮನ್ ಒಕ್ಕೂಟದೊಳಗೇ ಇತ್ತು, ಹಾಗಾಗಿ ಅಲ್ಲಿನೋರೂ ನಮ್ಮೋರೇ ಅಂತ ಇವರ ಲೆಕ್ಕ. ಏಪ್ರಿಲ್ 11ಕ್ಕೆ ಅವರು ಬರೆದ ಉತ್ತರ ಸಿಕ್ಕಿದ್ರೆ ತಪ್ಪದೇ ಓದಿ. ನಾನು ಸ್ಲಾವ್ ಮೂಲದ ಬೊಹೀಮಿಯನ್, ನಿಮ್ಮ ಸಭೆಯಲ್ಲಿ ನಂಗೇನು ಕೆಲಸ ಅಂತ ಮರ್ಯಾದೆಯಿಂದಾನೇ ಕೇಳಿದ್ರು. ಅಷ್ಟಕ್ಕೇ ನಿಲ್ಲಲಿಲ್ಲ, ಆಸ್ಟ್ರಿಯಾ ಅನ್ನೋ ಚಕ್ರಾಧಿಪತ್ಯ ಇಲ್ದೇ ಇದ್ದಿದ್ರೆ ಯೂರೋಪಿನ ಹಿತಕ್ಕೋಸ್ಕರ ನಾವೇ ಅದನ್ನ ಹುಟ್ಟಿಸಬೇಕಾಗ್ತಿತ್ತು ಅಂದ್ರು. ಒಬ್ಬ ಉದಾರವಾದಿ, ತನ್ನ ಜನದ ಭಾಷೆಗೋಸ್ಕರ ಜೀವ ತೇದೋರು, ಹ್ಯಾಬ್ಸ್‌ಬರ್ಗ್ ದೊರೆ ಇರ್ಲಿ ಅಂತಿದಾರೆ! ಯಾಕೆ? ಆ ಛತ್ರಿ ಹರಿದುಹೋದ್ರೆ ಒಂದು ಕಡೆ ಜರ್ಮನ್ನರು, ಇನ್ನೊಂದು ಕಡೆ ರಷ್ಯಾದ ಜಾರ್, ಮಧ್ಯದಲ್ಲಿ ಚಿಕ್ಕ ಜನಾಂಗ ಪುಡಿಪುಡಿ. ಚಕ್ರವರ್ತಿಗಿಂತ ಪಕ್ಕದ ಮನೆಯೋರ ಬಹುಮತಕ್ಕೇ ಅವರು ಜಾಸ್ತಿ ಹೆದರಿದ್ರು. ಆ ಭಯ ಸುಳ್ಳೂ ಆಗಿರ್ಲಿಲ್ಲ. ಜೂನ್‌ನಲ್ಲಿ ಆಸ್ಟ್ರಿಯಾದ ಜನರಲ್ ವಿಂಡಿಶ್‌ಗ್ರೇಟ್ಸ್ ಪ್ರಾಗ್ ಮೇಲೆ ಫಿರಂಗಿ ಹಾರಿಸಿದಾಗ ಜರ್ಮನ್ ಉದಾರವಾದಿಗಳಲ್ಲಿ ಎಷ್ಟೋ ಜನ ಭೇಷ್ ಅಂದ್ರು, ಜೆಕ್ಕರಿಗೆ ಬುದ್ಧಿ ಕಲಿಸಿದ ಅಂತ. ಅಕ್ಟೋಬರ್ ಕೊನೆಗೆ ಅದೇ ಜನರಲ್ ಅದೇ ಫಿರಂಗಿ ತಗೊಂಡು ವಿಯೆನ್ನಾದ ಕ್ರಾಂತಿನ ಹತ್ತಿಕ್ಕೋಕೆ ಬಂದ.

ಪೋಲೆಂಡಿನ ವಿಚಾರ ಬಂದಿದ್ದು ಜುಲೈ ಕೊನೆಯಲ್ಲಿ. ಪ್ರಷ್ಯ ನುಂಗಿಹಾಕಿದ್ದ ಪೋಸೆನ್ ಪ್ರಾಂತ್ಯದಲ್ಲಿ ಪೋಲಿಷರೇ ಹೆಚ್ಚು, ಜರ್ಮನ್ನರೂ ಬೇಕಾದಷ್ಟಿದ್ರು. ಫ್ರಾಂಕ್‌ಫರ್ಟ್ ಪಾರ್ಲಿಮೆಂಟಲ್ಲಿ ಮೂರ್ನಾಲ್ಕು ದಿನ ಚರ್ಚೆ ಆಯ್ತು, ವಿಲ್ಹೆಲ್ಮ್ ಯೋರ್ಡಾನ್ ಅನ್ನೋ ಸದಸ್ಯ, ಇವನು ಬಲಪಂಥದವನಲ್ಲ, ಎಡಗಡೆ ಬೆಂಚಿನೋನು, ಎದ್ದು ನಿಂತು ಪೋಲಿಷರ ಮೇಲಿನ ಕನಿಕರ ಎಲ್ಲಾ ಬಾಲಿಶ, ನಮಗೆ ಬೇಕಿರೋದು ಆರೋಗ್ಯಕರವಾದ ರಾಷ್ಟ್ರೀಯ ಸ್ವಾರ್ಥ ಅಂದ. ರಾಬರ್ಟ್ ಬ್ಲೂಮ್ ಥರದ ಕೆಲವರು ಪೋಲಿಷರ ಪರ ಮಾತಾಡಿದ್ರು. ವೋಟಿಗೆ ಹಾಕಿದಾಗ 342ಕ್ಕೆ 31ರ ಲೆಕ್ಕದಲ್ಲಿ ಪೋಸೆನ್ನಿನ ದೊಡ್ಡ ಪಾಲು ಜರ್ಮನಿಗೆ ಸೇರಬೇಕು ಅಂತ ಆಯ್ತು. ಮಾರ್ಚಲ್ಲಿ ಹೆಗಲ ಮೇಲೆ ಹೊತ್ತು ಮೆರೆಸಿದೋರನ್ನ ಜುಲೈಗೆ ಕೈಬಿಟ್ಟಿದ್ದು, ಅದೂ ಎಷ್ಟು ದೊಡ್ಡ ಬಹುಮತದಿಂದ ನೋಡಿ. ಬ್ಲೂಮ್‌ನ ನವೆಂಬರ್ 9ಕ್ಕೆ ವಿಯೆನ್ನಾದಲ್ಲಿ ಗುಂಡಿಟ್ಟು ಕೊಂದ್ರು, ಪಾರ್ಲಿಮೆಂಟ್ ಸದಸ್ಯ ಅಂತಾನೂ ನೋಡದೆ.

ಹ್ಯಾಬ್ಸ್‌ಬರ್ಗ್ ದೊರೆಯ ಕೆಳಗೇ ಇದ್ದ ಹಂಗೇರಿಯ ಕತೆ ಇನ್ನೂ ಕಷ್ಟದ್ದು. ಏಪ್ರಿಲ್‌ನಲ್ಲಿ ಅಲ್ಲಿ ಮಾಡಿದ ಕಾನೂನುಗಳು ಆ ಕಾಲಕ್ಕೆ ಬಲು ದೊಡ್ಡವು, ಜೀತದ ಥರ ಇದ್ದ ಬಿಟ್ಟಿ ಚಾಕರಿ ರದ್ದು, ಶಾಸನಸಭೆಗೆ ಉತ್ತರ ಕೊಡೋ ಮಂತ್ರಿಮಂಡಲ, ಚುನಾವಣೆ. ಆದ್ರೆ ಆ ರಾಜ್ಯದಲ್ಲಿ ಮಗ್ಯಾರ್, ಅಂದ್ರೆ ಹಂಗೇರಿಯನ್, ಭಾಷೆಯೋರು ಅರ್ಧಕ್ಕಿಂತ ಕಮ್ಮಿ, ಉಳಿದೋರು ಕ್ರೊಯೇಷಿಯನ್ನರು, ಸರ್ಬರು, ರೊಮೇನಿಯನ್ನರು, ಸ್ಲೊವಾಕರು, ಜರ್ಮನ್ನರು. ಶಾಸನಸಭೆಗೆ ಬರಬೇಕಂದ್ರೆ ಮಗ್ಯಾರ್ ಭಾಷೆ ಬರಲೇಬೇಕು ಅಂತ ಇಟ್ರು. ನಾಯಕ ಕೊಶೂತ್‌ನ ವಾದ ಏನಂದ್ರೆ, ವ್ಯಕ್ತಿಗೆ ಎಲ್ಲಾ ಹಕ್ಕೂ ಕೊಡ್ತೀವಲ್ಲ, ಜನಾಂಗ ಅಂತ ಬೇರೆ ಇನ್ನೇನು ಬೇಕು, ಹಂಗೇರಿಯಲ್ಲಿ ಇರೋದು ಒಂದೇ ರಾಷ್ಟ್ರ. ಮೋಸದ ವಾದ ಅಲ್ಲ ಅದು, 1789ರ ಫ್ರೆಂಚ್ ವಾದಾನೇ. ಆದ್ರೆ ಗ್ರೆಗ್ವಾರ್ ಕಾಲದಲ್ಲಿ ಫ್ರಾನ್ಸಿನಲ್ಲಿದ್ದ ಬ್ರೆಟನ್ ಭಾಷೆಯ ರೈತನಿಗೆ ತನ್ನ ಭಾಷೆ ಒಂದು ರಾಷ್ಟ್ರ ಅನ್ನೋ ಯೋಚನೆ ಬಂದಿರ್ಲಿಲ್ಲ, 1848ರ ಸರ್ಬನಿಗೆ ಬಂದುಬಿಟ್ಟಿತ್ತು. ತಮಾಷೆ ಅಂದ್ರೆ, ಮಾರ್ಚ್ 15ರಂದು ಪೆಶ್ಟ್ ನಗರವನ್ನ ಪದ್ಯ ಓದಿ ಎಬ್ಬಿಸಿದ ಮಗ್ಯಾರ್ ಕವಿ ಪೆತೋಫಿ ಹುಟ್ಟಿದ್ದು ಪೆತ್ರೊವಿಚ್ ಅನ್ನೋ ಹೆಸರಲ್ಲಿ, ತಾಯಿಯ ಮನೆಮಾತು ಸ್ಲೊವಾಕ್. ಕೊಶೂತ್ ಮನೆತನದ ಬೇರೂ ಸ್ಲೊವಾಕ್ ಸೀಮೆಯಲ್ಲೇ ಇತ್ತು. ತಾವು ಖುಷಿಯಿಂದ ಮಗ್ಯಾರ್ ಆಗಿದ್ರಿಂದ, ಮಿಕ್ಕೋರೂ ಯಾಕೆ ಆಗಬಾರದು ಅಂತ ಇವರಿಗೆ ಅರ್ಥಾನೇ ಆಗ್ಲಿಲ್ವೇನೋ ಅಂತ ನಂಗನ್ಸುತ್ತೆ.

ವಿಯೆನ್ನಾದ ಆಸ್ಥಾನಕ್ಕೆ ಇದು ಕೇಳದೇ ಸಿಕ್ಕ ವರ. ಕ್ರೊಯೇಷಿಯಾದ ಅಧಿಪತಿ ಯೆಲಾಚಿಚ್ ಸೆಪ್ಟೆಂಬರ್ 11ಕ್ಕೆ ದ್ರಾವಾ ನದಿ ದಾಟಿ ಹಂಗೇರಿ ಮೇಲೆ ದಂಡೆತ್ತಿ ಬಂದ, ಚಕ್ರವರ್ತಿಯ ಹೆಸರಲ್ಲಿ. ಸರ್ಬರು, ರೊಮೇನಿಯನ್ನರು ಬೇರೆ ಕಡೆಯಿಂದ. ಹಂಗೇರಿ ಆದ್ರೂ ಬಗ್ಗಲಿಲ್ಲ, ಚೆನ್ನಾಗೇ ಕಾದಾಡಿತು, 1849ರ ಏಪ್ರಿಲ್ 14ಕ್ಕೆ ದೆಬ್ರೆಸೆನ್‌ನಲ್ಲಿ ಸ್ವಾತಂತ್ರ್ಯವನ್ನೂ ಘೋಷಿಸ್ತು. ಕೊನೆಗೆ ಜಾರ್ ನಿಕೊಲಾಸ್ ಎರಡು ಲಕ್ಷದಷ್ಟು ಸೈನ್ಯ ಕಳಿಸಿದ್ಮೇಲೆ, ಆಗಸ್ಟ್ 13ಕ್ಕೆ ವಿಲಾಗೋಶ್‌ನಲ್ಲಿ ಶರಣಾಯ್ತು. ಅಕ್ಟೋಬರ್ 6ಕ್ಕೆ ಅರಾದ್‌ನಲ್ಲಿ 13 ಜನರಲ್‌ಗಳ ಕತೆ ಮುಗಿಸಿದ್ರು. ಶರಣಾಗೋಕೆ ಎರಡೇ ವಾರ ಮುಂಚೆ, ಜುಲೈ 28ಕ್ಕೆ, ಹಂಗೇರಿಯ ಶಾಸನಸಭೆ ಎಲ್ಲಾ ಜನಾಂಗಗಳಿಗೂ ಅವರವರ ಭಾಷೆ ಬಳಸೋ ಹಕ್ಕು ಕೊಡೋ ಕಾನೂನು ಮಾಡ್ತು. ಯೂರೋಪಿನಲ್ಲಿ ಆಗ ಅಂಥ ಕಾನೂನು ಬಲು ಅಪರೂಪ, ಆದ್ರೆ ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು. ಚಕ್ರವರ್ತಿ ಪರ ನಿಂತ ಕ್ರೊಯೇಷಿಯಾಕ್ಕೆ ಏನು ಸಿಕ್ತು? ಅದೇ ನಿರಂಕುಶ ಆಡಳಿತ. ನಿಮಗೆ ಶಿಕ್ಷೆ ಅಂತ ಕೊಟ್ಟಿದ್ದನ್ನ ನಮಗೆ ಬಹುಮಾನ ಅಂತ ಕೊಟ್ರು ಅಂತ ಕ್ರೊಯೇಷಿಯನ್ ಒಬ್ಬ ಹಂಗೇರಿಯವನಿಗೆ ಹೇಳಿದ ಅಂತ ಆಮೇಲೆ ಒಂದು ಮಾತು ಚಾಲ್ತಿಗೆ ಬಂತು.

ಜನಾಂಗದ ಜಗಳ ಒಂದರಿಂದಲೇ ಕ್ರಾಂತಿಗಳು ಸೋತವು ಅಂತ ಬರೀಬೇಡಿ ಮತ್ತೆ. ಮೊದಲನೇದಾಗಿ ಸೈನ್ಯ ರಾಜರ ಕೈ ಬಿಟ್ಟಿರ್ಲೇ ಇಲ್ಲ, ಮಾರ್ಚಲ್ಲಿ ರಾಜರು ಹೆದರಿದ್ರು, ದಂಡು ಕರಗಿರ್ಲಿಲ್ಲ. ಆಮೇಲೆ ರೈತರು. ವಿಯೆನ್ನಾದ ಸಭೆಯಲ್ಲಿ ಕುಡ್ಲಿಕ್ ಅನ್ನೋ 24 ವರ್ಷದ ರೈತನ ಮಗ ಬಿಟ್ಟಿ ಚಾಕರಿ, ಜಮೀನ್ದಾರಿ ಹಕ್ಕು ಎಲ್ಲಾ ಹೋಗಬೇಕು ಅಂತ ಮಸೂದೆ ತಂದ, ಸೆಪ್ಟೆಂಬರ್ 7ಕ್ಕೆ ಅದು ಕಾನೂನಾಯ್ತು, ಹಳ್ಳಿಯೋರಿಗೆ ಬೇಕಾಗಿದ್ದು ಸಿಕ್ಕಿತಲ್ಲ, ಅವರು ಬಿತ್ತನೆ ಕೆಲಸಕ್ಕೆ ವಾಪಸ್ ಹೋದ್ರು. ಪೇಟೆಯ ಹುಡುಗರ ಸಂವಿಧಾನಕ್ಕೋಸ್ಕರ ಅವರ್ಯಾಕೆ ಸಾಯ್ತಾರೆ? ಅದರ ಮೇಲೆ, ಜೂನ್ 23ರಿಂದ 26ರವರೆಗೆ ಪ್ಯಾರಿಸ್ಸಿನಲ್ಲಿ ಕೆಲಸ ಕಳ್ಕೊಂಡ ಕಾರ್ಮಿಕರು ಎದ್ದಾಗ ಅವರನ್ನ ಹೊಡೆದು ಹಾಕಿದ್ದು ರಾಜನಲ್ಲ, ಗಣರಾಜ್ಯದ ಸೈನ್ಯ. ಅದನ್ನ ನೋಡಿ ಯೂರೋಪಿನ ಆಸ್ತಿವಂತ ಉದಾರವಾದಿಗಳಿಗೆಲ್ಲಾ ರಾಜನಿಗಿಂತ ಕೂಲಿಯವನೇ ಭೂತದ ಥರ ಕಾಣೋಕೆ ಶುರುವಾದ.

ಇದೆಲ್ಲಾ ಇರುವಾಗ ಪ್ರೊಫೆಸರ್‌ಗಳನ್ನ ಬೈದು ಏನು ಪ್ರಯೋಜನ. ಅವರು ಮಾತಾಡಿದ್ರು ನಿಜ, ಪಾರ್ಲಿಮೆಂಟ್ ಇರೋದೇ ಮಾತಾಡೋಕೆ. ಅವರತ್ರ ಇಲ್ದೇ ಇದ್ದಿದ್ದು ಖಜಾನೆ, ದಂಡು, ಮತ್ತೆ ಗಡಿ.

ಫ್ರಾನ್ಸಿನದು ಒಂದೆರಡು ಮಾತಲ್ಲಿ ಹೇಳ್ತೀನಿ, ಯಾಕಂದ್ರೆ ಅದು ಬೇರೆ ಥರದ ಪಾಠ. ಎರಡೂವರೆ ಲಕ್ಷಕ್ಕೂ ಕಮ್ಮಿ ಇದ್ದ ಮತದಾರರು 90 ಲಕ್ಷಕ್ಕೂ ಮೇಲಾದ್ರು, ಗಂಡಸರಿಗೆಲ್ಲಾ ವೋಟು. ಡಿಸೆಂಬರ್ 10ಕ್ಕೆ ಆ ಮತದಾರರು ಮುಕ್ಕಾಲು ಪಾಲು ಸೇರಿ ಆರಿಸಿದ್ದು ನೆಪೋಲಿಯನ್ನನ ತಮ್ಮನ ಮಗ ಲೂಯಿ ನೆಪೋಲಿಯನ್‌ನ. ಬೇರೆ ಜನರ ಸ್ವಾತಂತ್ರ್ಯದ ಮೇಲೆ ನಮ್ಮ ಸೈನ್ಯ ಯಾವತ್ತೂ ಹೋಗಲ್ಲ ಅಂತ ಸಂವಿಧಾನದ ಪೀಠಿಕೆಯಲ್ಲೇ ಬರ್ಕೊಂಡಿದ್ದ ಆ ಗಣರಾಜ್ಯ 1849ರಲ್ಲಿ ದಂಡು ಕಳಿಸಿ ಮಾಟ್ಸಿನಿಯ ರೋಮನ್ ಗಣರಾಜ್ಯವನ್ನ ಮುರೀತು. 1851ರ ಡಿಸೆಂಬರ್‌ನಲ್ಲಿ ಲೂಯಿ ತನ್ನ ಗಣರಾಜ್ಯವನ್ನೂ ಮುರಿದ, ಮುರಿದು ಜನರ ಹತ್ರ ವೋಟು ಹಾಕಿಸಿ ಒಪ್ಪಿಗೆ ತಗೊಂಡ. ಬಿಸ್ಮಾರ್ಕ್ ಇದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದ್ದ, ಎಲ್ಲರಿಗೂ ವೋಟು ಕೊಟ್ರೆ ರಾಜರಿಗೆ ನಷ್ಟಾನೇ ಆಗಬೇಕು ಅಂತೇನಿಲ್ಲ ಅನ್ನೋದು ಅವನಿಗೆ ಹೊಳೆದಿದ್ದು ಇಲ್ಲಿಂದ.

ಈಗ ಕಿರೀಟದ ವಿಷಯ. 1849ರ ಮಾರ್ಚ್ 28ಕ್ಕೆ ಫ್ರಾಂಕ್‌ಫರ್ಟ್ ಸಭೆ ಸಂವಿಧಾನ ಮುಗಿಸಿ, ಆಸ್ಟ್ರಿಯಾನ ಹೊರಗಿಟ್ಟ ಜರ್ಮನಿಗೆ ಪ್ರಷ್ಯದ ರಾಜನೇ ಚಕ್ರವರ್ತಿ ಅಂತ ಆರಿಸ್ತು, 290 ವೋಟು ಪರ, 248 ಜನ ತಟಸ್ಥ. ಅಧ್ಯಕ್ಷ ಎಡುವಾರ್ಡ್ ಸಿಮ್ಸನ್ ನಿಯೋಗ ಕಟ್ಕೊಂಡು ಬರ್ಲಿನ್ನಿಗೆ ಹೋದ್ರು. ಏಪ್ರಿಲ್ 3ಕ್ಕೆ ರಾಜ ಬಾಯಲ್ಲಿ ನಯವಾಗಿ, ಉಳಿದ ದೊರೆಗಳು ಒಪ್ಪದೆ ಆಗಲ್ಲ ಅಂದ. ಮನಸಲ್ಲಿ ಇದ್ದಿದ್ದು ಬೇರೆ, ಅದು ಮಣ್ಣಿನ ಕಿರೀಟ, ಕ್ರಾಂತಿಯ ಜೊತೆ ನನ್ನ ಕಟ್ಟಿಹಾಕೋ ನಾಯಿಪಟ್ಟಿ ಅಂತ ಖಾಸಗಿಯಾಗಿ ಹೇಳ್ಕೊಂಡಿದ್ದ. ಟೋಪಿ ತೆಗೆಸಿದ್ರಲ್ಲ. ಆಮೇಲೆ ಸಂವಿಧಾನ ಉಳಿಸ್ಕೊಳ್ಳೋಕೆ ಬಾಡೆನ್ ಕಡೆ ದಂಗೆ ಎದ್ದಾಗ ಅದನ್ನ ಹತ್ತಿಕ್ಕೋಕೆ ಹೋದ ಪ್ರಷ್ಯನ್ ಸೈನ್ಯದ ಮುಂದಾಳು ರಾಜನ ತಮ್ಮ ವಿಲ್ಹೆಲ್ಮ್. ಜುಲೈ 23ಕ್ಕೆ ರಾಸ್ಟಾಟ್ ಕೋಟೆ ಬಿತ್ತು.

ಹತ್ತಾರು ವರ್ಷ ಆದ್ಮೇಲೆ ಅದೇ ವಿಲ್ಹೆಲ್ಮ್ ರಾಜ, ಬಿಸ್ಮಾರ್ಕ್ ಮಂತ್ರಿ. ದೊಡ್ಡ ಪ್ರಶ್ನೆಗಳು ಬಗೆಹರಿಯೋದು ಕಬ್ಬಿಣ ಮತ್ತು ರಕ್ತದಿಂದ ಅನ್ನೋ ಬಿಸ್ಮಾರ್ಕ್‌ನ 1862ರ ಸೆಪ್ಟೆಂಬರ್ 30ರ ಮಾತು ನಿಮಗೆ ಬಾಯಿಪಾಠ ಇರುತ್ತೆ, ಆ ವಾಕ್ಯದ ಮೊದಲರ್ಧ ಯಾರೂ ಹೇಳಲ್ಲ: ಭಾಷಣ ಮತ್ತು ಬಹುಮತದಿಂದ ದೊಡ್ಡ ಪ್ರಶ್ನೆಗಳು ಬಗೆಹರಿಯಲ್ಲ, 1848-49ರ ದೊಡ್ಡ ತಪ್ಪು ಅದೇ ಅಂದಿದ್ದ ಅವನು. ನಾಲ್ಕು ವರ್ಷ ಪಾರ್ಲಿಮೆಂಟು ಒಪ್ಪಿದ ಬಜೆಟ್ ಇಲ್ದೇನೇ ಸೈನ್ಯಕ್ಕೆ ದುಡ್ಡು ಖರ್ಚು ಮಾಡಿದ, 1866ರಲ್ಲಿ ಆಸ್ಟ್ರಿಯಾನ ಸೋಲಿಸಿ ಬಂದು ಆದದ್ದಾಯ್ತು ಮನ್ನಿಸಿ ಅಂತ ಮಸೂದೆ ಇಟ್ಟ. ಸಭೆ 230ಕ್ಕೆ 75 ವೋಟಲ್ಲಿ ಮನ್ನಿಸ್ತು, ಪರ ವೋಟು ಹಾಕಿದೋರಲ್ಲಿ ಉದಾರವಾದಿಗಳೂ ಎಷ್ಟೋ ಜನ ಇದ್ರು. ನಿಮ್ಮ ಪ್ರಶ್ನೆಗೆ ಒಂದು ತಾರೀಖು ಬೇಕೇ ಬೇಕು ಅಂದ್ರೆ ನಾನು ಕೊಡೋದು ಇದನ್ನೇ, 1866ರ ಸೆಪ್ಟೆಂಬರ್. ದೇಶ ಬೇಕಾ ಅಧಿಕಾರ ಬೇಕಾ ಅಂತ ಕೇಳಿದಾಗ ದೇಶ ಸಾಕು ಅಂದ್ರು. ಸೋತು ಬಿಟ್ಟಿದ್ದಲ್ಲ ಅದು, ಗೆಲುವಿನ ಖುಷಿಯಲ್ಲಿ ತಾವೇ ಕೊಟ್ಟಿದ್ದು.

ಫ್ರಾನ್ಸ್ ಜೊತೆ ಯುದ್ಧ ನಡೀತಿದ್ದ 1870ರ ಡಿಸೆಂಬರ್‌ನಲ್ಲಿ ವರ್ಸೇಲ್ಸ್‌ಗೆ ಹೋಗಿ ಚಕ್ರವರ್ತಿ ಆಗಿ ಅಂತ ವಿಲ್ಹೆಲ್ಮ್‌ನ ಕೇಳಿಕೊಂಡ ನಿಯೋಗದ ಮುಂದಾಳು ಯಾರು ಅಂತೀರಿ? ಅದೇ ಸಿಮ್ಸನ್. ಅಣ್ಣನ ಹತ್ರ ಹೋಗಿದ್ದ ಮನುಷ್ಯ 21 ವರ್ಷ ಆದ್ಮೇಲೆ ತಮ್ಮನ ಹತ್ರ. ಈ ಸಲ ದೊರೆಗಳು ಮೊದಲು ಒಪ್ಪಲಿ, ಆಮೇಲೆ ನೀವು ಅಂತ ಆಯ್ತು. 1871ರ ಜನವರಿ 18ಕ್ಕೆ ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ ಘೋಷಣೆ ಆದಾಗ ಕಣ್ಣಿಗೆ ಕಂಡಿದ್ದು ದೊರೆಗಳು, ಬೂಟು, ಕತ್ತಿ, ಯೂನಿಫಾರಂ.

ಆ ಹೊಸ ಜರ್ಮನಿಯಲ್ಲಿ ವೋಟು ಇರ್ಲಿಲ್ಲ ಅಂತ ತಪ್ಪು ತಿಳ್ಕೋಬೇಡಿ. 25 ತುಂಬಿದ ಗಂಡಸರಿಗೆಲ್ಲಾ ವೋಟಿತ್ತು, ಬ್ರಿಟನ್ನಿಗಿಂತ ಧಾರಾಳ. ಇಲ್ದೇ ಇದ್ದಿದ್ದು ಒಂದೇ, ಚಾನ್ಸಲರ್‌ನ ಪಾರ್ಲಿಮೆಂಟು ಇಳಿಸೋ ಹಾಗಿರ್ಲಿಲ್ಲ, ಅವನು ಉತ್ತರ ಕೊಡಬೇಕಿದ್ದು ಚಕ್ರವರ್ತಿಗೆ ಮಾತ್ರ. ಇದು ನಮ್ಮ ಕಡೆಯೋರಿಗೆ ಚೆನ್ನಾಗಿ ಅರ್ಥ ಆಗಬೇಕು, ಯಾಕಂದ್ರೆ ಮೈಸೂರಲ್ಲಿ 1881ರಿಂದಾನೇ ಪ್ರಜಾಪ್ರತಿನಿಧಿ ಸಭೆ ಇತ್ತು, ಜನರ ಕಷ್ಟಸುಖ ಅಲ್ಲಿ ಹೇಳಬಹುದಿತ್ತು, ಆದ್ರೆ ದಿವಾನರು ಉತ್ತರ ಕೊಡ್ತಿದ್ದಿದ್ದು ಮಹಾರಾಜರಿಗೆ. 1947ರ ಆಗಸ್ಟಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ್ಮೇಲೂ ಸೆಪ್ಟೆಂಬರಲ್ಲಿ ‘ಮೈಸೂರು ಚಲೋ’ ಅಂತ ಜನ ಯಾಕೆ ಬೀದಿಗಿಳಿದ್ರು? ದೇಶ ಸಿಕ್ಕಿತ್ತು, ಜವಾಬ್ದಾರಿ ಸರ್ಕಾರ ಸಿಕ್ಕಿರ್ಲಿಲ್ಲ. ಅಕ್ಟೋಬರಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂದ್ಮೇಲೇ ಅದು ನಿಂತಿದ್ದು. 1866ರ ಜರ್ಮನ್ ಉದಾರವಾದಿಗಳು ಬಿಟ್ಟುಕೊಟ್ಟಿದ್ದನ್ನ ಇವರು ಬಿಡಲಿಲ್ಲ.

ವೇಸ್ಟ್ ಆಯ್ತಾ ಅಂತ ಕೇಳಿದೀರಿ. ಬಿಟ್ಟಿ ಚಾಕರಿ ಮತ್ತೆ ವಾಪಸ್ ತರೋಕೆ ಯಾವ ರಾಜನಿಗೂ ಧೈರ್ಯ ಬರ್ಲಿಲ್ಲ, ಫ್ರೆಂಚ್ ವಸಾಹತುಗಳಲ್ಲಿ 1848ರ ಏಪ್ರಿಲ್ 27ಕ್ಕೆ ರದ್ದಾದ ಗುಲಾಮಗಿರಿ ರದ್ದಾಗೇ ಉಳೀತು, ಉತ್ತರ ಇಟಲಿಯ ಪೀಡ್‌ಮಾಂಟಿನ ರಾಜ 1848ರಲ್ಲಿ ಕೊಟ್ಟ ಸಂವಿಧಾನವೇ ಮುಂದೆ ಇಟಲಿಯದಾಗಿ ನೂರು ವರ್ಷ ಬಾಳಿತು, ಫ್ರಾಂಕ್‌ಫರ್ಟಿನ ಮೂಲಭೂತ ಹಕ್ಕುಗಳನ್ನ 1919ರಲ್ಲೂ 1949ರಲ್ಲೂ ಜರ್ಮನ್ನರು ಮತ್ತೆ ತೆಗೆದು ಓದಿದ್ರು, ಹಂಬಾಖ್‌ನ ಬಾವುಟ ಇವತ್ತಿಗೂ ಜರ್ಮನಿಯ ಬಾವುಟವಾಗಿ ಹಾರ್ತಿದೆ.

ಇನ್ನು ಗೈಡ್‌ಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗೋದು ಒಂದಿದೆ. 1848ರಲ್ಲಿ ಗೆದ್ದ ದೇಶಾನೂ ಉಂಟು, ಸ್ವಿಟ್ಜರ್ಲೆಂಡ್. 1847ರ ನವೆಂಬರಲ್ಲಿ ಒಂದು ಸಣ್ಣ ಅಂತರ್ಯುದ್ಧ, ನೂರು ಚಿಲ್ಲರೆ ಜನ ಸತ್ತಿದ್ದು, 1848ರ ಸೆಪ್ಟೆಂಬರ್ 12ಕ್ಕೆ ಹೊಸ ಒಕ್ಕೂಟ ಸಂವಿಧಾನ, ಅದರಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರೂ ರಾಷ್ಟ್ರಭಾಷೆ. ‘ನಾವು’ ಯಾರು ಅನ್ನೋದಕ್ಕೆ ಅವರು ಭಾಷೆ ಹಿಡ್ಕೊಂಡು ಕೂರ್ಲಿಲ್ಲ, ಹಳೇ ಕ್ಯಾಂಟನ್‌ಗಳ, ಅಂದ್ರೆ ಅಲ್ಲಿನ ಪ್ರಾಂತ್ಯಗಳ, ನಂಟನ್ನೇ ಇಟ್ಕೊಂಡ್ರು. ಅದೃಷ್ಟವೂ ಇತ್ತು ಅನ್ನಿ, ಮೂಗು ತೂರಿಸೋ ದೊಡ್ಡ ದೊರೆಗಳೆಲ್ಲಾ ಆ ವಸಂತದಲ್ಲಿ ತಂತಮ್ಮ ಅರಮನೆ ಉಳಿಸ್ಕೊಳ್ಳೋದ್ರಲ್ಲಿದ್ರು. ನ್ಯೂಶಾಟೆಲ್ ಅನ್ನೋ ಕ್ಯಾಂಟನ್ನಿಗೆ ಆಗ ಪ್ರಷ್ಯದ ರಾಜನೇ ಒಡೆಯ, ಅದೇ ಟೋಪಿ ತೆಗೆದ ಫ್ರೆಡ್ರಿಕ್ ವಿಲ್ಹೆಲ್ಮ್. ಮಾರ್ಚ್ 1ಕ್ಕೆ ಅಲ್ಲಿನ ಜನ ಕೋಟೆಗೆ ನುಗ್ಗಿ ಗಣರಾಜ್ಯ ಅಂತ ಸಾರಿದ್ರು. ಅವನಿಗೆ ಏನೂ ಮಾಡೋಕಾಗ್ಲಿಲ್ಲ, ಒಂಬತ್ತು ವರ್ಷ ಅದು ನನ್ನದು ನನ್ನದು ಅಂತ ಹಟ ಹಿಡಿದು, 1857ರಲ್ಲಿ ಬಿಟ್ಟುಕೊಟ್ಟ.